ಉತ್ತರ ಬಾರದಿದ್ದರೆ ಕ್ಷೇಮವೆಂದು ತಿಳಿಯಬಾರದು

(ವಾಚನಾಲಯದ ಭಾನುವಾರದ ಕೂಟದಲ್ಲಿ ನಮ್ಮ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ನಮ್ಮ ಸಂಘಕ್ಕೆ ಬರುವ ತರುಣರಲ್ಲಿ ಕೆಲವರು ನೋಯ್ಡಾದಲ್ಲೂ ಗುರುಗ್ರಾಮದಲ್ಲೂ ರಾತ್ರಿ ಪಾಳಿ ಮಾಡುತ್ತಾರೆ. ಅವರ ಕೆಲಸ ಕಾವಲು. ಕೈಯಲ್ಲಿ ಕೋಲಿಲ್ಲ, ಸೀಟಿಯಿಲ್ಲ. ಎದುರಿಗೆ ಒಂದು ಪರದೆ. ಎಲ್ಲೋ ದೂರದಲ್ಲಿರುವ ನೂರಾರು ಸರ್ವರುಗಳು ಸರಿಯಾಗಿವೆಯೇ ಎಂದು ಆ ಪರದೆಯ ಮೂಲಕ ನೋಡುತ್ತ ಕೂರುವುದು. ನಾನು ಹತ್ತನೆಯ ತರಗತಿ ಮುಗಿಸಿ ಗಿರಣಿಯಲ್ಲಿ ಹಾಜರಿ ಲೆಕ್ಕ ಬರೆಯುವವನು; ಇಂಜಿನಿಯರನಲ್ಲ. ಆದರೂ ಈ ತರುಣರಿಂದಲೂ, ನಮ್ಮ ಗಿರಣಿಯ ಕಂಪ್ಯೂಟರ್ ಕೋಣೆಯಿಂದಲೂ ಕಲಿತ ಒಂದು ವಿಷಯವನ್ನು ತಮ್ಮ ಮುಂದಿಡುತ್ತೇನೆ. ದೂರದ ಯಂತ್ರವನ್ನು ‘ಹೇಗಿದ್ದೀಯೆ?’ ಎಂದು ಕೇಳಿದಾಗ ಅದು ಏನನ್ನೂ ಹೇಳದಿದ್ದರೆ ಏನು ಮಾಡಬೇಕು? ಇದು ಯಂತ್ರದವರಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ, ನಮ್ಮ ಕೂಲಿಗೂ ಪಡಿತರಕ್ಕೂ ಸೇರಿದ್ದು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

‘ಮೌನಂ ಸಮ್ಮತಿ ಲಕ್ಷಣಂ’ ಎಂದು ಹಿರಿಯರು ಹೇಳುತ್ತಾರೆ. ಮದುವೆಯ ಮಾತುಕತೆಗೆ ಇದು ಸಲ್ಲಬಹುದು, ಕಾವಲಿಗೆ ಸಲ್ಲದು. ಊರಿನಿಂದ ಕಾಗದ ಬರಲಿಲ್ಲವೆಂದ ಮಾತ್ರಕ್ಕೆ ಮನೆಯವರೆಲ್ಲ ಕ್ಷೇಮವೆಂದು ನಾವು ತಿಳಿಯುತ್ತೇವೆಯೇ? ಕಾಲೊನಿಯ ಚೌಕಿದಾರನ ಸೀಟಿ ಒಂದು ರಾತ್ರಿ ಕೇಳಿಸದಿದ್ದರೆ ಕಳ್ಳರಿಲ್ಲ ಎಂದು ಅರ್ಥವಲ್ಲ, ಚೌಕಿದಾರನಿಲ್ಲ ಎಂದೂ ಅರ್ಥವಾಗಬಹುದು.

ರೈಲಿನವರು ಈ ತತ್ತ್ವವನ್ನು ಬಹಳ ಹಿಂದೆಯೇ ಅರಿತಿದ್ದರು. ಮುಂದಿನ ಸ್ಟೇಷನ್ನಿನಿಂದ ‘ಲೈನ್ ಕ್ಲಿಯರ್’ ಬಾರದೆ ಸ್ಟೇಷನ್ ಮಾಸ್ತರರು ಗಾಡಿಯನ್ನು ಬಿಡುವುದಿಲ್ಲ. ಸಂಪರ್ಕವೇ ಕಡಿದುಹೋದರೆ ಅದಕ್ಕೆಂದೇ ಬೇರೆ ವಿಧಾನ, ಬೇರೆ ಚೀಟಿ, ನಿಧಾನದ ಓಟ. ೧೮೭೨ರಲ್ಲಿ ಅಮೆರಿಕದ ವಿಲಿಯಂ ರಾಬಿನ್‌ಸನ್ ಎಂಬವರು ಕಂಡುಹಿಡಿದ ಟ್ರ್ಯಾಕ್ ಸರ್ಕೀಟಿನಲ್ಲಿಯೂ ಇದೇ ಬುದ್ಧಿ. ಹಳಿಯಲ್ಲಿ ಸಣ್ಣ ವಿದ್ಯುತ್ತು ಹರಿದು ರಿಲೇಯನ್ನು ಎತ್ತಿ ಹಿಡಿದಿರುವವರೆಗೆ ಮಾತ್ರ ಸಿಗ್ನಲ್ ದಾರಿ ಕೊಡುತ್ತದೆ. ಗಾಡಿ ಬಂದು ಆ ವಿದ್ಯುತ್ತನ್ನು ತಡೆದರೂ ಕೆಂಪು, ಹಳಿ ಮುರಿದರೂ ಕೆಂಪು, ಬ್ಯಾಟರಿ ಸತ್ತರೂ ಕೆಂಪು. ಮೌನವಾದರೆ ಅಪಾಯವೆಂದೇ ಎಣಿಸುವುದು ಅದರ ಕಟ್ಟಳೆ.

ಈ ಕಟ್ಟಳೆ ಇಲ್ಲದ ಕಡೆ ಏನಾಗುತ್ತದೆ? ೨೦೦೩ರ ಆಗಸ್ಟ್ ೧೪ರಂದು ಅಮೆರಿಕದ ಓಹಾಯೋ ಸಂಸ್ಥಾನದ ಒಂದು ವಿದ್ಯುತ್ ಕಂಪನಿಯಲ್ಲಿ, ಮಧ್ಯಾಹ್ನ ೨ ಗಂಟೆ ೧೪ ನಿಮಿಷದ ಹೊತ್ತಿಗೆ ಎಚ್ಚರಿಕೆ ಕೊಡುವ ತಂತ್ರಾಂಶವೇ ಸದ್ದಿಲ್ಲದೆ ನಿಂತುಹೋಯಿತು. ನಿಂತಿದೆಯೆಂದು ಹೇಳುವವರೂ ಇರಲಿಲ್ಲ. ನಿಯಂತ್ರಣ ಕೊಠಡಿಯಲ್ಲಿದ್ದವರು ಗಂಟೆ ಬಾರಿಸುತ್ತಿಲ್ಲವಾದ್ದರಿಂದ ಎಲ್ಲ ಸರಿಯಿದೆಯೆಂದು ತಿಳಿದರು. ಅಷ್ಟರಲ್ಲಿ ದೊಡ್ಡ ತಂತಿಗಳು ಮರಗಳಿಗೆ ತಗುಲಿ ಒಂದೊಂದಾಗಿ ಕೈಬಿಡುತ್ತಿದ್ದವು. ೪ ಗಂಟೆ ೧೦ ನಿಮಿಷದ ಸುಮಾರಿಗೆ ಅಮೆರಿಕದ ಈಶಾನ್ಯ ಭಾಗವೂ ಕೆನಡಾದ ಆಂಟೇರಿಯೋ ಪ್ರಾಂತವೂ ಕತ್ತಲಾದವು. ಸುಮಾರು ೫ ಕೋಟಿ ಜನ ತೊಂದರೆಗೊಳಗಾದರು.

ನಮ್ಮ ದೆಹಲಿಯವರಿಗೂ ಇಂಥ ಕತ್ತಲೆಯ ನೆನಪಿದೆ. ೨೦೧೨ರ ಜುಲೈ ೩೦ರಂದು ರಾತ್ರಿ ೨ ಗಂಟೆ ೩೩ ನಿಮಿಷಕ್ಕೆ ಉತ್ತರ ಭಾರತದ ವಿದ್ಯುತ್ ಜಾಲ ಕುಸಿಯಿತು. ಮರುದಿನ ಮಧ್ಯಾಹ್ನ ೧ ಗಂಟೆಗೆ ಉತ್ತರ, ಪೂರ್ವ, ಈಶಾನ್ಯ ಮೂರೂ ಜಾಲಗಳು ಬಿದ್ದುವು. ಮೆಟ್ರೋ ಗಾಡಿಗಳು ನಿಂತುವು. ಅದರ ಕಾರಣಗಳು ಬೇರೆ; ತಂತಿಗಳ ಮೇಲೆ ಅತಿಭಾರ ಬಿದ್ದದ್ದು ಮುಖ್ಯ. ಆದರೆ ವಿಚಾರಣಾ ಸಮಿತಿ ಅದೇ ಆಗಸ್ಟಿನಲ್ಲಿ ಕೊಟ್ಟ ವರದಿಯ ಸಲಹೆಗಳಲ್ಲಿ ನಮ್ಮ ವಿಷಯಕ್ಕೆ ಸೇರಿದ್ದೊಂದುಂಟು: ದೂರದ ಉಪಕೇಂದ್ರಗಳಿಂದ ಸುದ್ದಿ ಕಳುಹಿಸುವ ಯಂತ್ರಗಳಿಗೆ ತಕ್ಕ ಬ್ಯಾಟರಿಯ ಆಸರೆ ಇರಬೇಕು, ವಿದ್ಯುತ್ತು ಪೂರ್ತಿ ಹೋದಾಗಲೂ ಅವು ಮಾತನಾಡುತ್ತಿರಬೇಕು. ಮನೆಗೆ ಬೆಂಕಿ ಬಿದ್ದಾಗ ಕೂಗಬೇಕಾದವನ ಬಾಯಿ ಆ ಬೆಂಕಿಯಿಂದಲೇ ಕಟ್ಟಬಾರದು.

ಇನ್ನು ಸರ್ವರಿನ ಮಾತಿಗೆ ಬರೋಣ. ಈ ಕಾವಲಿಗೆ ಅನೇಕ ಕಡೆ ಬಳಸುವ ತಂತ್ರಾಂಶದ ಹೆಸರು ನಾಗಿಯೋಸ್. ಅಮೆರಿಕದ ಈಥನ್ ಗಾಲ್‌ಸ್ಟಾಡ್ ಎಂಬವರು ೧೯೯೯ರಲ್ಲಿ ಇದನ್ನು ನೆಟ್‌ಸೇಂಟ್ ಎಂಬ ಹೆಸರಿನಲ್ಲಿ ಹೊರತಂದರು. ಈಗಿನ ಹೆಸರು ಆಮೇಲಿನದು. ಏರ್ಪಾಡು ಹೀಗೆ: ನಡುಮನೆಯ ಯಜಮಾನನಂತೆ ಒಂದು ಮುಖ್ಯ ಯಂತ್ರ. ದೂರದ ಪ್ರತಿ ಸರ್ವರಿನಲ್ಲಿ ಎನ್.ಆರ್.ಪಿ.ಇ. ಎಂಬ ಒಬ್ಬ ಗುಮಾಸ್ತ. ಅವನು ಸಾಮಾನ್ಯವಾಗಿ ೫೬೬೬ನೆಯ ಪೋರ್ಟಿನಲ್ಲಿ, ಅಂದರೆ ಆ ಸಂಖ್ಯೆಯ ಬಾಗಿಲಲ್ಲಿ, ಕಾದಿರುತ್ತಾನೆ. ಯಜಮಾನ ‘ಡಿಸ್ಕಿನಲ್ಲಿ ಜಾಗವೆಷ್ಟು?’ ಎಂದು ಕೇಳಿದರೆ ಗುಮಾಸ್ತ ಪ್ಲಗಿನ್ ಎಂಬ ಆಳನ್ನು ಒಳಗೆ ಕಳುಹಿಸುತ್ತಾನೆ. ಆ ಆಳು ಎರಡು ವಸ್ತುಗಳನ್ನು ತರಬೇಕು: ಒಂದು ಸಾಲಿನ ಮಾತು, ಒಂದು ಅಂಕಿ. ಅಂಕಿ ೦ ಆದರೆ ಕ್ಷೇಮ, ೧ ಆದರೆ ಎಚ್ಚರಿಕೆ, ೨ ಆದರೆ ಅಪಾಯ, ೩ ಆದರೆ ತಿಳಿಯದು.

ಆಳು ಮಾತು ತಾರದೆ ಬಂದರೆ ಪರದೆಯ ಮೇಲೆ ‘ಪ್ಲಗಿನ್ನಿನಿಂದ ಯಾವ ಉತ್ತರವೂ ಬರಲಿಲ್ಲ’ ಎಂದೋ, ‘ಎನ್.ಆರ್.ಪಿ.ಇ.ಗೆ ಉತ್ತರ ಓದಲಾಗಲಿಲ್ಲ’ ಎಂದೋ ಇಂಗ್ಲಿಷಿನಲ್ಲಿ ಬೀಳುತ್ತದೆ. ಅಪಾಯವಿರುವುದು ಇಲ್ಲಿ: ಮಾತು ಖಾಲಿಯಿದ್ದರೂ ಅಂಕಿ ೦ ಬಂದರೆ ಆ ಸಾಲು ಹಸಿರಾಗಿಯೇ ಕಾಣಬಹುದು. ಹಸಿರನ್ನು ಕಂಡವರು ಪಕ್ಕದ ಅಕ್ಷರವನ್ನು ಓದುವುದಿಲ್ಲ.

ನಮ್ಮ ಗಿರಣಿಯಲ್ಲಿ ಇದೇ ಆಯಿತು. ಎರಡನೆಯ ಶೆಡ್ಡಿನ ಹಾಜರಿ ಯಂತ್ರದ ಲೆಕ್ಕವನ್ನು ರಾತ್ರಿ ರಾತ್ರಿ ನಕಲು ತೆಗೆಯುವ ಏರ್ಪಾಡಿತ್ತು. ನಕಲು ಆಯಿತೇ ಎಂದು ನೋಡುವ ಪರೀಕ್ಷೆಯೂ ಇತ್ತು. ಅದರ ಉಸ್ತುವಾರಿ ಹೊರಗಿನ ಗುತ್ತಿಗೆಯವರದು. ಯಾರೋ ಡಿಸ್ಕನ್ನು ಬದಲಾಯಿಸಿ ಹೊಸ ಫೋಲ್ಡರ್ ಮಾಡಿದಾಗ ಅದರ ಅನುಮತಿಯನ್ನು ರೂಟ್‌ಗೆ, ಅಂದರೆ ಯಂತ್ರದ ಸರ್ವಾಧಿಕಾರಿಗೆ, ಮಾತ್ರ ಇಟ್ಟರು. ನಕಲು ನಿಂತಿತು. ಪರೀಕ್ಷೆಯ ಆಳಿಗೂ ಆ ಬಾಗಿಲು ತೆರೆಯಲಿಲ್ಲ. ಆದರೆ ಅವನಿಗೆ ಬರೆದುಕೊಟ್ಟ ಕೊನೆಯ ಸಾಲು ‘ಏನೇ ಆದರೂ ೦ ಎಂದು ಹೇಳು’ ಎಂದಿತ್ತು. ಹಸಿರು ಹಾಗೆಯೇ ಉಳಿಯಿತು. ಕೆಲವು ದಿನಗಳಲ್ಲಿ ಹಾಜರಿ ಯಂತ್ರ ಕೆಟ್ಟಿತು. ನೋಡಿದರೆ ನಾಲ್ಕು ದಿನದ ಲೆಕ್ಕ ಎಲ್ಲಿಯೂ ಇಲ್ಲ. ಆ ನಾಲ್ಕು ದಿನ ಎರಡು ಪಾಳಿ ದುಡಿದವರ ಓವರ್‌ಟೈಮ್ ಕೂಲಿ ಗಾಳಿಯಲ್ಲಿ ನಿಂತಿತು. ಗೇಟಿನ ಕಾವಲುಗಾರ ಕೈಬರಹದಲ್ಲಿ ಬರೆದಿಟ್ಟ ನೋಟ್‌ಬುಕ್ ಸಿಕ್ಕಿದ್ದರಿಂದ ಕೂಲಿ ಉಳಿಯಿತು. ಅದಿಲ್ಲದಿದ್ದರೆ ಯಾದಗಿರಿಯಿಂದಲೂ ಬಿಹಾರದಿಂದಲೂ ಬಂದ ಆ ಜನ ತಾವು ದುಡಿದದ್ದಕ್ಕೆ ಯಾರನ್ನು ಸಾಕ್ಷಿ ಕರೆಯಬೇಕಿತ್ತು?

ಹಾಗಾದರೆ ದೋಷವನ್ನು ಹುಡುಕುವ ಕ್ರಮವೇನು? ತರುಣರು ಹೇಳಿಕೊಟ್ಟದ್ದನ್ನು ಸಾಲಾಗಿ ಹೇಳುತ್ತೇನೆ.

ಮೊದಲನೆಯದು: ಯಾವ ಬಗೆಯ ಮೌನವೆಂದು ಗುರುತಿಸಬೇಕು. ಕಾಗದದ ಹೋಲಿಕೆ ತೆಗೆದುಕೊಳ್ಳಿ. ‘ಸಂಪರ್ಕ ನಿರಾಕರಿಸಲಾಗಿದೆ’ ಎಂದರೆ ಕಾಗದ ತಿರಸ್ಕೃತವಾಗಿ ಹಿಂದೆ ಬಂತು, ಬಾಗಿಲಲ್ಲಿ ಗುಮಾಸ್ತನಿಲ್ಲ. ‘ಕಾಲ ಮೀರಿತು’ ಎಂದರೆ ಕಾಗದ ಹೋಯಿತು, ಮರುದನಿಯಿಲ್ಲ; ನಡುವೆ ಫೈರ್‌ವಾಲಿನ ಗೋಡೆಯಿರಬಹುದು ಅಥವಾ ಒಳಗಿನ ಕೆಲಸ ನಿಧಾನವಾಗಿರಬಹುದು. ‘ಉತ್ತರವಿಲ್ಲ’ ಎಂದರೆ ಲಕೋಟೆ ಬಂತು, ಒಳಗೆ ಕಾಗದವಿಲ್ಲ. ಮೂರಕ್ಕೂ ಒಂದೇ ಮದ್ದು ಕೊಟ್ಟರೆ ರೋಗ ಹೋಗದು.

ಎರಡನೆಯದು: ದಾರಿಯನ್ನು ಪರೀಕ್ಷಿಸಬೇಕು. ಮುಖ್ಯ ಯಂತ್ರದಿಂದ ಯಾವ ಕೆಲಸವನ್ನೂ ಹೇಳದೆ ಗುಮಾಸ್ತನನ್ನು ಸುಮ್ಮನೆ ಕರೆದರೆ ಅವನು ತನ್ನ ಹೆಸರನ್ನೂ ಆವೃತ್ತಿಯ ಸಂಖ್ಯೆಯನ್ನೂ ಹೇಳುತ್ತಾನೆ. ಹೇಳಿದರೆ ದಾರಿ ಸರಿ, ಬಾಗಿಲು ಸರಿ, ದೋಷ ಒಳಗಿದೆ.

ಮೂರನೆಯದು, ಮುಖ್ಯವಾದದ್ದು: ದೂರದ ಯಂತ್ರಕ್ಕೆ ಹೋಗಿ ಅದೇ ಆಜ್ಞೆಯನ್ನು ಕೈಯಿಂದ ನಡೆಸಬೇಕು, ಆದರೆ ರೂಟ್ ಆಗಿ ನಡೆಸಬಾರದು. ಗುಮಾಸ್ತ ಯಾವ ಹೆಸರಿನಲ್ಲಿ ಕೆಲಸ ಮಾಡುತ್ತಾನೋ ಅದೇ ಹೆಸರಿನಲ್ಲಿ ನಡೆಸಬೇಕು. ಮಾಲೀಕರು ಸ್ವತಃ ಗೋದಾಮಿಗೆ ಹೋದರೆ ಎಲ್ಲ ಬಾಗಿಲೂ ತೆರೆಯುತ್ತದೆ; ‘ಬೀಗವೇ ಇಲ್ಲವಲ್ಲ’ ಎಂದು ಅವರು ಹೇಳಿಯಾರು. ಬೀಗದ ಕಷ್ಟ ಆಳಿಗೆ ಗೊತ್ತು.

ನಾಲ್ಕನೆಯದು: ಆಗ ಬರುವ ಅಂಕಿಯನ್ನು ನೋಡಬೇಕು. ೧೨೭ ಬಂದರೆ ಕರೆದ ಕಡತ ಆ ಜಾಗದಲ್ಲಿಲ್ಲ. ದಾರಿಯನ್ನು ಪೂರ್ತಿಯಾಗಿ ಬರೆದಿದೆಯೇ ನೋಡಿ. ೧೨೬ ಬಂದರೆ ಕಡತವಿದೆ, ನಡೆಸುವ ಅನುಮತಿಯಿಲ್ಲ. ವಿಂಡೋಸ್ ಯಂತ್ರದಲ್ಲಿ ತಿದ್ದಿ ತಂದ ಕಡತವಾದರೆ ಪ್ರತಿ ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರ ಉಳಿದು, ಮೊದಲ ಸಾಲೇ ಅರ್ಥವಾಗದೆ ಹೋಗುತ್ತದೆ.

ಐದನೆಯದು: ಯಂತ್ರಕ್ಕೆ ಎರಡು ಬಾಯಿ. ಒಂದು ಉತ್ತರ ಹೇಳುವ ಬಾಯಿ, ಇನ್ನೊಂದು ದೂರು ಹೇಳುವ ಬಾಯಿ. ಗುಮಾಸ್ತ ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ಆಲಿಸುತ್ತಾನೆ. ಆಳು ‘ಅನುಮತಿಯಿಲ್ಲ, ಸ್ವಾಮಿ’ ಎಂದು ಎರಡನೆಯ ಬಾಯಿಂದ ಕೂಗಿಕೊಂಡರೂ ಇತ್ತ ಲಕೋಟೆ ಖಾಲಿ. ಪರೀಕ್ಷೆಯ ಹೊತ್ತಿನಲ್ಲಿ ದೂರಿನ ಬಾಯನ್ನು ಉತ್ತರದ ಬಾಯಿಗೆ ಸೇರಿಸಿ ನೋಡಿದರೆ ನಿಜ ಹೊರಬರುತ್ತದೆ. ಕೂಗು ಇರಲಿಲ್ಲವೆಂದಲ್ಲ, ಕೇಳುವ ಕಿವಿ ಇರಲಿಲ್ಲ.

ಆರನೆಯದು: ಕೆಲವು ಪರೀಕ್ಷೆಗಳು ಸುಡೋ ಎಂಬ ಮೇಲಧಿಕಾರವನ್ನು ಕೇಳುತ್ತವೆ. ಸುಡೋ ಗುಪ್ತಪದ ಕೇಳಿದರೆ ಉತ್ತರಿಸಲು ಅಲ್ಲಿ ಮನುಷ್ಯನಿಲ್ಲ. ಆ ಒಂದೇ ಆಜ್ಞೆಗೆ ಗುಪ್ತಪದವಿಲ್ಲದ ಅನುಮತಿ ಬರೆಯಬೇಕು. ಬೇಸತ್ತು ಎಲ್ಲ ಬಾಗಿಲುಗಳನ್ನೂ ಎಲ್ಲರಿಗೂ ತೆರೆದಿಡುವವರಿದ್ದಾರೆ. ಇಲಿ ಹಿಡಿಯಲು ಮನೆಯ ಗೋಡೆ ಕೆಡವಿದ ಹಾಗೆ. ರೆಡ್ ಹ್ಯಾಟ್ ಜಾತಿಯ ಯಂತ್ರಗಳಲ್ಲಿ ಎಸ್.ಇ. ಲಿನಕ್ಸ್ ಎಂಬ ಇನ್ನೊಬ್ಬ ಕಾವಲುಗಾರನೂ ಇರುತ್ತಾನೆ; ಅವನ ದಿನಚರಿಯನ್ನೂ ನೋಡಬೇಕು, ಅವನನ್ನು ಮನೆಗೆ ಕಳುಹಿಸಬಾರದು.

ಏಳನೆಯದು: ಕಾಲ. ಕೇಳುವವನು ಸಾಮಾನ್ಯವಾಗಿ ೧೦ ಸೆಕೆಂಡು ಕಾಯುತ್ತಾನೆ. ಅತ್ತ ಗುಮಾಸ್ತ ಆಳಿಗೆ ೬೦ ಸೆಕೆಂಡು ಕೊಟ್ಟಿರುತ್ತಾನೆ. ೨೦ ಸೆಕೆಂಡಿನ ಕೆಲಸವಾದರೆ ಆಳು ಉತ್ತರ ತರುವ ಹೊತ್ತಿಗೆ ಕೇಳಿದವನು ಎದ್ದುಹೋಗಿರುತ್ತಾನೆ. ಎರಡು ಗಡಿಯಾರಗಳನ್ನೂ ಹೊಂದಿಸಬೇಕು. ಕಡತ ತಿದ್ದಿದ ಮೇಲೆ ಗುಮಾಸ್ತನನ್ನು ಒಮ್ಮೆ ಎಬ್ಬಿಸಿ ಕೂರಿಸಬೇಕು. ಇಲ್ಲವಾದರೆ ಅವನ ತಲೆಯಲ್ಲಿ ಹಳೆಯ ಆಜ್ಞೆಯೇ ಇರುತ್ತದೆ.

ಎಂಟನೆಯದು: ಸರಿಪಡಿಸಿದ ಮೇಲೆ ಹಸಿರು ಬಂತೆಂದು ಏಳಬಾರದು. ಬೇಕೆಂದೇ ಮಿತಿಯನ್ನು ಬದಲಿಸಿ ಕೆಂಪು ಬರುವುದೇ, ಆ ಕೆಂಪು ಪಾಳಿಯವನ ಫೋನಿಗೆ ಮುಟ್ಟುವುದೇ ಎಂದು ನೋಡಬೇಕು. ಕೆಂಪಾಗಲಾರದ ದೀಪದ ಹಸಿರಿಗೆ ಬೆಲೆಯಿಲ್ಲ.

ಬಂಧುಗಳೇ, ಇಷ್ಟನ್ನೂ ಕೂಲಿಕಾರರ ಮುಂದೆ ಹೇಳುವುದೇಕೆ? ನಮ್ಮ ಹಕ್ಕುಗಳೂ ಈಗ ದೂರದ ಸರ್ವರುಗಳ ಉತ್ತರವನ್ನು ಕಾದು ನಿಂತಿವೆ. ‘ಒಂದು ದೇಶ ಒಂದು ಪಡಿತರ ಚೀಟಿ’ ಯೋಜನೆ ೨೦೧೯ರಲ್ಲಿ ನಾಲ್ಕು ರಾಜ್ಯಗಳಲ್ಲಿ ಆರಂಭವಾಗಿ, ೨೦೨೧ರಲ್ಲಿ ದೆಹಲಿಗೆ ಬಂದು, ೨೦೨೨ರಲ್ಲಿ ದೇಶವನ್ನೆಲ್ಲ ವ್ಯಾಪಿಸಿತು. ಊರಿನ ಚೀಟಿಯವನು ಇಲ್ಲಿಯ ಅಂಗಡಿಯಲ್ಲಿ ಬೆರಳಿಟ್ಟು ಧಾನ್ಯ ಪಡೆಯಬಹುದು. ಬೆರಳಿಟ್ಟಾಗ ಎರಡು ಬಗೆಯ ಸೋಲು ಬರಬಹುದು. ‘ಬೆರಳು ಹೊಂದುವುದಿಲ್ಲ’ ಎಂಬುದು ಉತ್ತರ. ‘ಸರ್ವರಿನಿಂದ ಉತ್ತರವಿಲ್ಲ’ ಎಂಬುದು ಉತ್ತರವೇ ಅಲ್ಲ. ಅಂಗಡಿಯವನು ಎರಡಕ್ಕೂ ‘ನಿನಗಿಲ್ಲ, ಹೋಗು’ ಎಂದರೆ ಒಪ್ಪಬೇಡಿ. ಯಂತ್ರ ಏನು ಬರೆಯಿತೆಂದು ಓದಿಸಿ ಕೇಳಿ, ದಿನಾಂಕ, ಹೊತ್ತು, ಅಂಗಡಿಯ ಸಂಖ್ಯೆ ಬರೆದುಕೊಳ್ಳಿ, ಮತ್ತೆ ಹೋಗಿ. ಓದಲು ಬಾರದವರಿಗೆ ನಮ್ಮ ವಾಚನಾಲಯದವರು ಬರೆದುಕೊಡುತ್ತಾರೆ.

ಬರೆಯುವವರಾದ ನಾವು ಗುಮಾಸ್ತರೂ ಒಂದು ಶಿಸ್ತನ್ನು ಪಾಲಿಸಬೇಕು. ೨೦೨೩ರ ಸೆಪ್ಟೆಂಬರ್ ೨೨ರಂದು ಇಸ್ರೋದವರು ಚಂದ್ರನ ಮೇಲೆ ಮಲಗಿಸಿದ್ದ ವಿಕ್ರಮ್ ಮತ್ತು ಪ್ರಗ್ಯಾನ್‌ಗಳನ್ನು ಕರೆದರು. ಉತ್ತರ ಬರಲಿಲ್ಲ. ಅವರು ದೇಶಕ್ಕೆ ಹೇಳಿದ್ದೂ ಅಷ್ಟೇ: ಈವರೆಗೆ ಸಂಕೇತ ಬಂದಿಲ್ಲ, ಪ್ರಯತ್ನ ಮುಂದುವರಿಯುತ್ತದೆ. ಸತ್ತಿದೆಯೆಂದೂ ಬರೆಯಲಿಲ್ಲ, ಸರಿಯಿದೆಯೆಂದೂ ಬರೆಯಲಿಲ್ಲ. ನಮ್ಮ ಹಾಜರಿ ಪುಸ್ತಕದಲ್ಲಿಯೂ ‘ಬಂದ’, ‘ಬರಲಿಲ್ಲ’ ಎಂಬ ಎರಡೇ ಕಾಲಮ್ಮು ಸಾಲದು. ‘ತಿಳಿಯದು, ವಿಚಾರಿಸಬೇಕು’ ಎಂಬ ಮೂರನೆಯದು ಬೇಕು. ಆ ಕಾಲಮ್ಮಿನಲ್ಲಿ ಬಿದ್ದ ಹೆಸರು ಅಂದು ಸಂಜೆಯೊಳಗೆ ವಿಚಾರಣೆಯಾಗಬೇಕು. ಅಷ್ಟು ಮಾಡಿದರೆ ಒಬ್ಬ ಬಡವನ ಒಂದು ದಿನದ ಕೂಲಿ ಉಳಿಯುತ್ತದೆ.

ಪ್ರಶ್ನೆಗಳಿದ್ದರೆ ದಯವಿಟ್ಟು ಕೇಳಿ. ನೀವು ಮೌನವಾಗಿದ್ದರೆ ಎಲ್ಲರಿಗೂ ಅರ್ಥವಾಯಿತೆಂದು ನಾನಂತೂ ತಿಳಿಯುವುದಿಲ್ಲ.