ಕಲ್ಲಿನಲ್ಲಿ ಉಳಿದ ಹೆಣ್ಣುಮಕ್ಕಳ ಹೆಸರು

ಚೆನ್ನೈನ ವೆಸ್ಟ್ ಮಾಂಬಲಂನಲ್ಲಿ ಅಯೋಧ್ಯಾ ಮಂಟಪಕ್ಕೆ ಹೋಗುವವರು ಹಿಡಿಯುವ ದಾರಿ ಆರ್ಯಗೌಡ ರಸ್ತೆ. ಅದಕ್ಕೆ ಹೆಸರು ಬಂದದ್ದು ನೀಲಗಿರಿಯ ಬಡಗ ಸಮುದಾಯದ ಮುಂದಾಳು ಎಚ್. ಬಿ. ಆರಿ ಗೌಡರ್ ಅವರಿಂದ. ಬಡಗರ ಮನೆಯ ‘ಆರಿ’ ಊರವರ ಬಾಯಲ್ಲಿ ‘ಆರ್ಯ’ ಆಗಿಹೋಯಿತು. ಕನ್ನಡದ ಹೆಣ್ಣುಮಕ್ಕಳ ಹೆಸರಿಗೂ ಆದದ್ದು ಹೆಚ್ಚುಕಡಿಮೆ ಇದೇ. ಆದರೆ ಅದಕ್ಕೆ ಹಲವು ಶತಮಾನ ಹಿಡಿಯಿತು.

ಈಗ ಇಲ್ಲಿನ ಕನ್ನಡ ಮನೆಗಳಲ್ಲಿ ತೊಟ್ಟಿಲ ಶಾಸ್ತ್ರ ಹತ್ತಿರ ಬಂತೆಂದರೆ ‘ಯಾರಿಗೂ ಇಲ್ಲದ ಹೆಸರು ಬೇಕು’ ಎಂಬ ಹುಡುಕಾಟ ಶುರುವಾಗುತ್ತದೆ. ಕೊನೆಗೆ ಸಾನ್ವಿ, ಆದ್ಯಾ, ಅನನ್ಯಾಗಳಲ್ಲಿ ಒಂದು ಗಟ್ಟಿಯಾಗುತ್ತದೆ. ತನ್ನಂಥ ಇನ್ನೊಬ್ಬಳಿಲ್ಲ ಎಂಬ ಅರ್ಥದ ಅನನ್ಯಾ ಎಷ್ಟು ಮನೆಗಳಲ್ಲಿದ್ದಾಳೋ! ನಿಜಕ್ಕೂ ಯಾರಿಗೂ ಇಲ್ಲದ ಹೆಸರುಗಳು ಇರುವುದು ಶಾಸನಗಳಲ್ಲಿ.

ಬಾದಾಮಿಯ ಸಮೀಪದ ಮಹಾಕೂಟದಲ್ಲಿ ಚಾಲುಕ್ಯ ವಿಜಯಾದಿತ್ಯನ ಕಾಲದ, ಅಂದರೆ 8ನೆಯ ಶತಮಾನದ ಆರಂಭದ ಆಸುಪಾಸಿನ ಶಾಸನವೊಂದಿದೆ. ದೇವರಿಗೆ ರತ್ನದ ಪೀಠ, ಬೆಳ್ಳಿಯ ಕೊಡೆ ಮಾಡಿಸಿ ಭೂಮಿಯನ್ನೂ ಬಿಟ್ಟುಕೊಟ್ಟವಳು ವಿನಾಪೋಟಿ. ಅವಳು ಪಟ್ಟದ ರಾಣಿಯಲ್ಲ, ಅರಸನ ಪ್ರಾಣವಲ್ಲಭೆಯಾಗಿದ್ದ ಗಣಿಕೆ. ಶಾಸನ ಅವಳ ತಂದೆಯ ಹೆಸರು ಹೇಳುವುದಿಲ್ಲ. ಅಜ್ಜಿ ರೇವಮಂಚಿ, ಆಕೆಯ ಮಗಳು ಕುಚಿಪೋಟಿ, ಅವಳ ಮಗಳು ವಿನಾಪೋಟಿ: ಮೂರು ತಲೆಮಾರು ಬರೀ ಹೆಂಗಸರು, ಮೂವರಿಗೂ ಗೌರವದ ಬಹುವಚನ! ಈ ಮೂರು ಹೆಸರಲ್ಲಿ ಒಂದಾದರೂ ಇವತ್ತು ಯಾವ ಮನೆಯ ತೊಟ್ಟಿಲಲ್ಲೂ ಕೇಳಿಬರುವುದಿಲ್ಲ.

ಸುಮಾರು ಅದೇ ಕಾಲಕ್ಕೆ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ವ್ರತ ಹಿಡಿದು ಪ್ರಾಣಬಿಟ್ಟ ಜೈನ ಸನ್ಯಾಸಿನಿಯರ ಹೆಸರು ಕೊರೆದಿದ್ದಾರೆ. ನಾಗಮತಿ ಗಂತಿ, ಶಶಿಮತಿ ಗಂತಿ, ಅನಂತಮತಿ ಗಂತಿ. ಗಂತಿ, ಕಂತಿ ಎಂದರೆ ಜೈನ ಸನ್ಯಾಸಿನಿ. ಶಶಿಮತಿ ಇಂದಿನ ಶಾಲೆಯ ಹಾಜರಿ ಪುಸ್ತಕದಲ್ಲೂ ಸಲೀಸಾಗಿ ಕೂರುವ ಹೆಸರು. ಯಾರೂ ಇಡುತ್ತಿಲ್ಲ, ಅಷ್ಟೆ.

ಮುಂದೆ 10ನೆಯ ಶತಮಾನಕ್ಕೆ ಬಂದರೆ ಎತ್ತ ನೋಡಿದರೂ ‘ಅಬ್ಬೆ’. ಪಂಪನ ತಾಯಿ ಅಬ್ಬಣಬ್ಬೆ, ರನ್ನನ ತಾಯಿ ಅಬ್ಬಲಬ್ಬೆ. ಗಂಡ ತೀರಿಕೊಂಡ ಮೇಲೆ ನಾಗರಖಂಡ ಎಪ್ಪತ್ತರ ಆಡಳಿತ ನಡೆಸಿದವಳು ಜಕ್ಕಿಯಬ್ಬೆ. ಶ್ರವಣಬೆಳಗೊಳದ ವೀರಗಲ್ಲೊಂದರಲ್ಲಿ ಕುದುರೆಯ ಮೇಲೆ ಕತ್ತಿ ಎತ್ತಿ, ಆನೆಯ ಮೇಲಿರುವ ಶತ್ರುವಿಗೆ ಎದುರಾಗಿರುವವಳು ಸಾವಿಯಬ್ಬೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದ ಅತ್ತಿಮಬ್ಬೆಯನ್ನಂತೂ ಎಲ್ಲರೂ ಬಲ್ಲರು. ಆಶ್ರಯ ಕೊಟ್ಟ ಆಕೆಯ ನೆನಪಿಗೆ ರನ್ನ ತನ್ನ ಮಗಳಿಗೂ ಅತ್ತಿಮಬ್ಬೆ ಎಂದೇ ಹೆಸರಿಟ್ಟ.

ಅಬ್ಬೆ ಎಂದರೆ ತಾಯಿ. ಕಾಸರಗೋಡು, ದಕ್ಷಿಣ ಕನ್ನಡದ ಹವ್ಯಕರು ಇವತ್ತಿಗೂ ಹೆತ್ತವಳನ್ನು ಅಬ್ಬೆ ಎಂದೇ ಕರೆಯುತ್ತಾರೆ. ಉತ್ತರ ಕರ್ನಾಟಕದಲ್ಲಿ ಅದು ಅವ್ವ. ತಮಿಳಿನಲ್ಲಿ ಅವ್ವೈ, ಮರೀನಾ ಕಡಲದಂಡೆಯಲ್ಲಿ 1968ರಿಂದ ನಿಂತಿರುವ ಅವ್ವೈಯಾರ್ ಪ್ರತಿಮೆಯ ಹೆಸರಿನಲ್ಲಿರುವುದೂ ಇದೇ. ಜಕ್ಕಿಯಬ್ಬೆಯಲ್ಲಿರುವ ‘ಜಕ್ಕಿ’ ಯಕ್ಷಿಯ ತದ್ಭವ. ರನ್ನನ ಹೆಂಡಿರಲ್ಲಿ ಒಬ್ಬಳು ಜಕ್ಕಿ, ಇನ್ನೊಬ್ಬಳು ಶಾಂತಿ.

ಹೊಯ್ಸಳರ ಕಾಲಕ್ಕೆ ಫ್ಯಾಷನ್ ಬದಲಾಯಿತು, ಅದೂ ಒಂದೇ ತಲೆಮಾರಿನಲ್ಲಿ. ವಿಷ್ಣುವರ್ಧನನ ರಾಣಿ ಶಾಂತಲೆ. ಅವಳ ತಾಯಿ ಮಾಚಿಕಬ್ಬೆ. ದಂಡನಾಯಕ ಗಂಗರಾಜನ ತಾಯಿ ಪೋಚಿಕಬ್ಬೆ, ಹೆಂಡತಿ ಲಕ್ಕಲೆ. ಹಿರಿಯರದು ‘ಅಬ್ಬೆ’, ಕಿರಿಯರದು ‘ಅಲೆ’. ಲಕ್ಷ್ಮಿಯಿಂದ ಲಕ್ಕಲೆ, ಬ್ರಹ್ಮನಿಂದ ಬಮ್ಮಲೆ. ಸಂಸ್ಕೃತದ ಹೆಸರನ್ನು ಮೊದಲು ಕನ್ನಡದ ನಾಲಗೆಗೆ ಒಗ್ಗಿಸಿ ಆಮೇಲೆ ಬಾಲ ಹಚ್ಚಿದ್ದು. ಬೆಳಗೊಳದ ಅಕ್ಕನ ಬಸದಿ ಕಟ್ಟಿಸಿದ್ದು 1181ರಲ್ಲಿ, ಮಂತ್ರಿ ಚಂದ್ರಮೌಳಿಯ ಹೆಂಡತಿ. ಅವಳು ಆಚಲದೇವಿಯೂ ಹೌದು, ಆಚಿಯಕ್ಕನೂ ಹೌದು. ಬಸದಿಗೆ ನಿಂತದ್ದು ಮಾತ್ರ ಮನೆಯ ‘ಅಕ್ಕ’.

ಅದೇ ಶತಮಾನದ ಶರಣೆಯರಲ್ಲಿ ದುಡಿಮೆಯೇ ಹೆಸರಿನ ಮುಂದೆ ನಿಂತಿತು. ನೂಲುವ ಕದಿರೆ ರೆಮ್ಮವ್ವೆ, ಅಕ್ಕಿ ಆಯುವ ಆಯ್ದಕ್ಕಿ ಲಕ್ಕಮ್ಮ.

ಇನ್ನು ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಸಾವಿನ ಕಣ್ಣು ತಪ್ಪಿಸಲು ಇಟ್ಟ ಹೆಸರುಗಳು. ಮಗುವನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಮ್ಮ ಎಂದರು, ಕಲ್ಲಿನಂತೆ ಗಟ್ಟಿಯಾಗಲೆಂದು ಕಲ್ಲವ್ವ, ಗುಂಡಮ್ಮ ಎಂದರು. ಸಾಲಾಗಿ ಹೆಣ್ಣೇ ಹುಟ್ಟಿದರೆ ‘ಇನ್ನು ಸಾಕು’ ಎಂದು ಸಾಕಮ್ಮ. ಈ ಕೊನೆಯದು ಮರೆತುಹೋದರೆ ದುಃಖವೇನೂ ಇಲ್ಲ. ಆದರೂ ಬೆಂಗಳೂರಿನಲ್ಲಿ ಕಾಫಿಪುಡಿ ಉದ್ಯಮ ಕಟ್ಟಿ ಬೆಳೆಸಿದ ಸಾಕಮ್ಮ ಆ ಹೆಸರಿಗೇ ಮರ್ಯಾದೆ ತಂದುಕೊಟ್ಟರು.

ದಾಸಪರಂಪರೆಯ ಮನೆಗಳಲ್ಲಿ ಹಳೆಯ ಪದ್ಧತಿ ಇನ್ನಷ್ಟು ದಿನ ಉಳಿಯಿತು. ಮಾಧ್ವರ ಮನೆಗಳಲ್ಲಿ ಇಂದಿಗೂ ಹಾಡಾಗಿ ಕೇಳುವ ಹೆಳವನಕಟ್ಟೆ ಗಿರಿಯಮ್ಮ, ಹರಪನಹಳ್ಳಿ ಭೀಮವ್ವ, ಇಬ್ಬರ ಹೆಸರಲ್ಲೂ ಅಮ್ಮ, ಅವ್ವ ಬಿಟ್ಟುಹೋಗಿಲ್ಲ. ಶಾಲೆಯ ರಿಜಿಸ್ಟರ್ ಬಂದ ಮೇಲೆ ಲಕ್ಕಮ್ಮ ಲಕ್ಷ್ಮಿಯಾದಳು, ಭೀಮವ್ವ ಹೆಸರಿನ ಪಟ್ಟಿಯಿಂದಲೇ ಜಾರಿದಳು.

ನಾಮಕರಣದ ದಿನ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಬರೆಯುವುದು ಒಂದೇ ಹೆಸರನ್ನಲ್ಲ. ಮಾಸನಾಮ, ನಕ್ಷತ್ರನಾಮ, ವ್ಯವಹಾರನಾಮ ಎಂದು ಹಲವಕ್ಕೆ ಅಲ್ಲಿ ಜಾಗವಿದೆ. ಅತ್ತಿಮಬ್ಬೆ ಎಂದು ಪಾಸ್‌ಪೋರ್ಟಿನಲ್ಲಿ ಬರೆಸಲು ಧೈರ್ಯ ಸಾಲದಿದ್ದರೆ ಮನೆಯಲ್ಲಿ ಕರೆಯುವುದಕ್ಕಾದರೂ ಇಟ್ಟುಕೊಳ್ಳಬಹುದು. ಜಕ್ಕಿ, ಲಕ್ಕಲೆ, ಬಮ್ಮಲೆ, ಶಶಿಮತಿಗಳಿಗೆ ಆ ಅಳುಕೂ ಬೇಕಿಲ್ಲ. ಕೇಳುಗರಲ್ಲಿ ಒಂದೇ ಕೋರಿಕೆ: ಮನೆಯ ಹಿರಿಯ ಹೆಂಗಸನ್ನು ಕೂರಿಸಿಕೊಂಡು ಅವರ ತಾಯಿ, ಅಜ್ಜಿ, ಮುತ್ತಜ್ಜಿಯರನ್ನು ಮನೆಯಲ್ಲಿ ಏನೆಂದು ಕರೆಯುತ್ತಿದ್ದರು ಎಂದು ಕೇಳಿ, ಈ ವಾರವೇ ಬರೆದಿಡಿ.