ಉಬ್ಬಸದ ಮಾತ್ರೆ ಮತ್ತು ಕಣ್ಣಿನ ಪೊರೆ

(ಕೊರಟಗೆರೆ ತಾಲ್ಲೂಕು ಗೊರವನಹಳ್ಳಿಯಲ್ಲಿ ದಂಪತಿಗಳ ಸಭೆಯಲ್ಲಿ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣ)



ಶುಕ್ರವಾರ ಬಂದಿತೆಂದರೆ ಮಹಾಲಕ್ಷ್ಮಿಯ ದರ್ಶನಕ್ಕಾಗಿ ನಾನಾ ಊರುಗಳ ಜನರು ಗೊರವನಹಳ್ಳಿಗೆ ಬಂದು ಸೇರುವುದನ್ನು ನೀವೆಲ್ಲರೂ ಬಲ್ಲಿರಿ. ಅಂದು ಹೂವಿಗೆ ಬೇಡಿಕೆ ಹೆಚ್ಚು. ಈ ಸೀಮೆಯ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಹೂ ಕಟ್ಟಿ ಸಂಸಾರಕ್ಕೆ ನಾಲ್ಕು ಕಾಸು ಕೂಡಿಸುತ್ತಾರೆ. ಅಂತಹ ಒಂದು ಮನೆಯ ಸಂಗತಿಯಿಂದಲೇ ನನ್ನ ಮಾತನ್ನು ಆರಂಭಿಸುತ್ತೇನೆ. ಆ ದಂಪತಿಗಳ ಹೆಸರನ್ನಾಗಲಿ ಊರನ್ನಾಗಲಿ ಹೇಳುವುದಿಲ್ಲ. “ನಮಗಾದದ್ದು ಇನ್ನೊಬ್ಬರಿಗೆ ಆಗುವುದು ಬೇಡ, ಹೇಳಿ ಸ್ವಾಮಿ” ಎಂದು ಅವರೇ ಒಪ್ಪಿಗೆ ಕೊಟ್ಟಿದ್ದಾರೆ.

ಆ ತಾಯಿಗೆ ಮೂವತ್ತಾರು ವರ್ಷ. ಬಹುಕಾಲದಿಂದ ಉಬ್ಬಸ. ಒಮ್ಮೆ ಉಸಿರು ಕಟ್ಟಿದಂತಾದಾಗ ವೈದ್ಯರೊಬ್ಬರು ಐದು ದಿನಗಳ ಮಟ್ಟಿಗೆ ಒಂದು ಮಾತ್ರೆಯನ್ನು ಬರೆದುಕೊಟ್ಟರು. ಮಾತ್ರೆ ನುಂಗಿದ ಮೇಲೆ ಎದೆ ಹಗುರವಾಯಿತು, ರಾತ್ರಿ ನಿದ್ದೆ ಬಂದಿತು. ಪತಿಗೆ ಸಂತೋಷವಾಯಿತು. ಅವರು ಆ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಂಡು, ಪ್ರತಿ ತಿಂಗಳೂ ಅದೇ ಮಾತ್ರೆಯನ್ನು ಔಷಧಿ ಅಂಗಡಿಯಿಂದ ತಂದುಕೊಟ್ಟರು. ಐದು ದಿನಗಳಿಗೆಂದು ಬರೆದ ಮಾತ್ರೆಯನ್ನು ಆಕೆ ನಾಲ್ಕು ವರ್ಷ ನುಂಗಿದರು. ಇದರಲ್ಲಿ ಕೆಟ್ಟ ಉದ್ದೇಶ ಎಲ್ಲಿಯೂ ಇರಲಿಲ್ಲ; ಹೆಂಡತಿಯ ಮೇಲಿನ ಅಕ್ಕರೆಯೇ ಇತ್ತು.

ನಾಲ್ಕನೆಯ ವರ್ಷದಲ್ಲಿ ಒಂದು ವಿಚಿತ್ರ ಕಾಣಿಸಿಕೊಂಡಿತು. ನಡುಹಗಲಿನ ಬಿಸಿಲಿನಲ್ಲಿ ಕುಳಿತು ಕನಕಾಂಬರ ಕಟ್ಟಲು ಹೋದರೆ ಆಕೆಗೆ ಹೂವಿನ ತೊಟ್ಟೂ ಕಾಣದು, ಬಾಳೆಯ ನಾರೂ ಕಾಣದು. ಎದುರಿಗೆ ಹೊಗೆ ಕವಿದಂತೆ, ಬೆಳಕು ಕಣ್ಣಿಗೆ ಚುಚ್ಚಿದಂತೆ. ಅದೇ ಸಂಜೆ ಹೊತ್ತು ಇಳಿದ ಮೇಲೆ ಎಷ್ಟೋ ವಾಸಿ. ಮನೆಯವರು ಇದನ್ನು ನಂಬಲಿಲ್ಲ. “ಹಗಲು ಕಾಣದವಳಿಗೆ ಸಂಜೆ ಹೇಗೆ ಕಂಡೀತು? ಕೆಲಸ ತಪ್ಪಿಸಿಕೊಳ್ಳುವ ನೆಪ” ಎಂದು ಅತ್ತೆ ಆಡಿದರು. ಪತಿಯೂ ಸುಮ್ಮನಿದ್ದರು. ಕಣ್ಣು ಮಂಜಾದ ದುಃಖಕ್ಕಿಂತಲೂ ಈ ಮಾತು ಆಕೆಯನ್ನು ಹೆಚ್ಚು ನೋಯಿಸಿತು.

ಕೊನೆಗೆ ಅವರು ನನ್ನ ಬಳಿ ಬಂದರು. ಕಣ್ಣನ್ನು ನೋಡಿದೆ, ಮಾತ್ರೆಯನ್ನು ತೋರಿಸಿರೆಂದು ಕೇಳಿದೆ. ಆಕೆ ಹೇಳಿದುದೆಲ್ಲವೂ ನಿಜವಾಗಿತ್ತು. ಎರಡೂ ಕಣ್ಣುಗಳಲ್ಲಿ ಪೊರೆ ಬಂದಿತ್ತು. ಅದಕ್ಕೆ ಕಾರಣ ಆ ಮಾತ್ರೆ.

ಏನಿದು ಮಾತ್ರೆ?

ಇದನ್ನು ಸ್ಟೀರಾಯ್ಡ್ ಎಂದು ಕರೆಯುತ್ತಾರೆ. ಪ್ರೆಡ್ನಿಸೋಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್ ಮುಂತಾದವು ಈ ಜಾತಿಗೆ ಸೇರಿದವು. ನಮ್ಮ ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಎಂಬ ಸಣ್ಣ ಗ್ರಂಥಿಗಳು ಇದೇ ಬಗೆಯ ರಸವನ್ನು ದಿನವೂ ಉತ್ಪಾದಿಸುತ್ತವೆ. 1948ರಲ್ಲಿ ಅಮೆರಿಕದ ವೈದ್ಯರು ಇಂತಹ ಔಷಧಿಯನ್ನು ಮೊದಲ ಬಾರಿಗೆ ಕೀಲುವಾತದ ರೋಗಿಗೆ ಕೊಟ್ಟಾಗ ಹಾಸಿಗೆ ಹಿಡಿದವರೂ ಎದ್ದು ನಡೆದರು. 1950ರಲ್ಲಿ ಈ ಸಾಧನೆಗೆ ನೊಬೆಲ್ ಪಾರಿತೋಷಕವೂ ದೊರೆಯಿತು. ಉಬ್ಬಸ, ಕೀಲುವಾತ, ಕೆಲವು ಚರ್ಮರೋಗಗಳು, ಮಕ್ಕಳ ಮೂತ್ರಪಿಂಡದ ಕೆಲವು ಕಾಯಿಲೆಗಳು ಇವುಗಳಲ್ಲಿ ಈ ಔಷಧಿ ಇಂದಿಗೂ ಪ್ರಾಣ ಉಳಿಸುತ್ತಿದೆ.

ಆದರೆ 1960ರ ವೇಳೆಗೆ ಇನ್ನೊಂದು ಮುಖವೂ ತಿಳಿದುಬಂದಿತು. ಬಹುಕಾಲ ಇದನ್ನು ಸೇವಿಸಿದ ಕೀಲುವಾತದ ರೋಗಿಗಳಲ್ಲಿ ಹಲವರಿಗೆ ಕಣ್ಣಿನಲ್ಲಿ ಪೊರೆ ಬಂದುದನ್ನು ವೈದ್ಯರು ಆ ವರ್ಷ ಪ್ರಕಟಿಸಿದರು. ದಿನದ ಪ್ರಮಾಣ ಹೆಚ್ಚಿದಷ್ಟೂ, ಸೇವಿಸಿದ ಕಾಲ ಉದ್ದವಾದಷ್ಟೂ ಈ ಅಪಾಯ ಹೆಚ್ಚು. ಹಾಗೆಂದು ಸೇವಿಸಿದವರೆಲ್ಲರಿಗೂ ಪೊರೆ ಬರುವುದಿಲ್ಲ. ವೈದ್ಯರು ಕೆಲವೇ ದಿನಗಳಿಗೆ ಕೊಟ್ಟ ಮಾತ್ರೆಗೆ ಹೆದರಬೇಕಾದುದೂ ಇಲ್ಲ.

ಹಗಲು ಕಾಣದೆ ಸಂಜೆ ಕಾಣುವುದೇಕೆ?

ಕಣ್ಣಿನ ಕರಿಯ ಪಾಪೆಯ ಹಿಂದೆ ಒಂದು ತಿಳಿಯಾದ ಮಸೂರವಿದೆ. ಬೆಳಕು ಅದರ ಮೂಲಕವೇ ಒಳಗೆ ಹೋಗಬೇಕು. ಈ ಮಸೂರ ಮಸುಕಾಗುವುದನ್ನೇ ಪೊರೆ ಎನ್ನುತ್ತೇವೆ. ಸ್ಟೀರಾಯ್ಡ್‌ನಿಂದ ಬರುವ ಪೊರೆ ಸಾಮಾನ್ಯವಾಗಿ ಮಸೂರದ ಹಿಂಭಾಗದಲ್ಲಿ, ನಟ್ಟನಡುವೆ ಮೂಡುತ್ತದೆ. ಬಿಸಿಲಿನಲ್ಲಿ ಪಾಪೆ ಕಿರಿದಾಗುವುದರಿಂದ ಬೆಳಕೆಲ್ಲ ಆ ಮಸುಕಾದ ಜಾಗವನ್ನೇ ಹಾಯ್ದು ಹೋಗಬೇಕಾಗುತ್ತದೆ. ಸಂಜೆ ಪಾಪೆ ಅಗಲವಾಗಿ, ಮಸುಕಿನ ಸುತ್ತಲಿನಿಂದಲೂ ಬೆಳಕು ಒಳಗೆ ಬರುತ್ತದೆ. ಬಾಗಿಲ ಕಿಂಡಿಯ ನಡುವೆ ಮಸಿ ಮೆತ್ತಿದ್ದರೆ ಕಿಂಡಿಯಿಂದ ಏನೂ ಕಾಣದು. ಬಾಗಿಲನ್ನು ತೆರೆದರೆ ಪಕ್ಕದಿಂದಲಾದರೂ ಕಂಡೀತು. ಇದೂ ಹಾಗೆಯೇ. ಇಂತಹವರಿಗೆ ದೂರದ ವಸ್ತುಗಳಿಗಿಂತ ಮೊದಲು ಹತ್ತಿರದ ಕೆಲಸಗಳೇ ಕಷ್ಟವಾಗಬಹುದು: ಸೂಜಿಗೆ ದಾರ ಪೋಣಿಸುವುದು, ಅಕ್ಕಿಯಲ್ಲಿ ಕಲ್ಲು ಆರಿಸುವುದು, ಓದುವುದು. ರಾತ್ರಿ ಎದುರಿನಿಂದ ಬರುವ ವಾಹನದ ದೀಪವೂ ಕಣ್ಣು ಕುಕ್ಕುತ್ತದೆ.

ಆದುದರಿಂದ ಪೊರೆ ಮುದುಕರಿಗೆ ಮಾತ್ರ ಬರುವುದೆಂದು ತಿಳಿಯಬೇಡಿ. ಸ್ಟೀರಾಯ್ಡ್ ಸೇವಿಸುವವರಿಗೆ ಮೂವತ್ತರಲ್ಲಿಯೂ ಬರಬಹುದು, ಮಕ್ಕಳಿಗೂ ಬರಬಹುದು. ಮನೆಯಾಕೆ ಕಣ್ಣು ಕಾಣುವುದಿಲ್ಲವೆಂದರೆ ಅದನ್ನು ನೆಪವೆನ್ನುವ ಮೊದಲು ಆಸ್ಪತ್ರೆಗೆ ಕರೆತನ್ನಿ.

ನಾನು ಮಾಡಿದ ತಪ್ಪು

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ನಾಲ್ಕು ವರ್ಷ ಮಾತ್ರೆ ನುಂಗಿದರೆಂದು ಕೇಳಿ ನನಗೆ ಕೋಪ ಬಂದಿತು. “ಈ ಮಾತ್ರೆಯೇ ನಿಮ್ಮ ಕಣ್ಣನ್ನು ಕೆಡಿಸಿದ್ದು” ಎಂದು ಗದರಿ, ಕಣ್ಣಿನ ವೈದ್ಯರಿಗೆ ಚೀಟಿ ಬರೆದುಕೊಟ್ಟೆ. ಇದ್ದಕ್ಕಿದ್ದಂತೆ ಮಾತ್ರೆಯನ್ನು ಬಿಡಬಾರದೆಂಬ ಮಾತನ್ನು ಹೇಳಲಿಲ್ಲ. ಪತಿ ಮನೆಗೆ ಹೋಗಿ ಉಳಿದ ಮಾತ್ರೆಗಳನ್ನೆಲ್ಲ ತಿಪ್ಪೆಗೆ ಎಸೆದರು. ನಾಲ್ಕನೆಯ ದಿನ ರಾತ್ರಿ ಆಕೆಯನ್ನು ಆಟೋದಲ್ಲಿ ಹೊತ್ತು ತಂದರು. ವಾಂತಿ, ಎದ್ದು ಕೂರಲಾರದ ನಿತ್ರಾಣ, ಕುಸಿದ ರಕ್ತದೊತ್ತಡ, ಜೊತೆಗೆ ಉಬ್ಬಸ. ಆ ರಾತ್ರಿ ಆಕೆಯ ಜೀವವನ್ನು ಉಳಿಸಿದ ಚುಚ್ಚುಮದ್ದೂ ಸ್ಟೀರಾಯ್ಡೇ.

ಏಕೆ ಹೀಗಾಯಿತು? ಹೊರಗಿನಿಂದ ದಿನವೂ ಸ್ಟೀರಾಯ್ಡ್ ಬರುತ್ತಿದ್ದರೆ ದೇಹದೊಳಗಿನ ಗ್ರಂಥಿಗಳು ತಮ್ಮ ಕೆಲಸವನ್ನು ನಿಲ್ಲಿಸಿ ನಿದ್ರಿಸತೊಡಗುತ್ತವೆ. ಹೊರಗಿನದು ಒಮ್ಮೆಗೇ ನಿಂತರೆ ದೇಹಕ್ಕೆ ಯಾವ ಆಸರೆಯೂ ಇರುವುದಿಲ್ಲ. ಆ ಗ್ರಂಥಿಗಳು ಮತ್ತೆ ಎಚ್ಚರಗೊಳ್ಳಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಆದುದರಿಂದ ಈ ಮಾತ್ರೆಯನ್ನು ವೈದ್ಯರ ಲೆಕ್ಕದಂತೆ ಸ್ವಲ್ಪ ಸ್ವಲ್ಪವಾಗಿಯೇ ಇಳಿಸಬೇಕು. ಇಂದು ನನ್ನ ಮಾತನ್ನು ಕೇಳಿ ಯಾರೂ ಮನೆಗೆ ಹೋಗಿ ಮಾತ್ರೆಯನ್ನು ಎಸೆಯಬೇಡಿ. ಮಾತ್ರೆಯೊಡನೆ ಆಸ್ಪತ್ರೆಗೆ ಬನ್ನಿ.

ಆಕೆಗೆ ಉಸಿರಿನೊಡನೆ ಎಳೆದುಕೊಳ್ಳುವ ಇನ್‌ಹೇಲರ್ ಔಷಧಿಯನ್ನು ಕಲಿಸಿದೆವು. ಅದರಲ್ಲಿ ಔಷಧಿ ನೇರವಾಗಿ ಶ್ವಾಸನಾಳಕ್ಕೆ ಹೋಗುವುದರಿಂದ ಅತ್ಯಲ್ಪ ಪ್ರಮಾಣ ಸಾಕು. ಸೇದಿದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಬೇಕು. ಕೆಲವು ತಿಂಗಳುಗಳಲ್ಲಿ ಮಾತ್ರೆ ಪೂರ್ತಿಯಾಗಿ ನಿಂತಿತು.

ಪೊರೆಗೆ ಚಿಕಿತ್ಸೆ

ಬಂದ ಪೊರೆ ಮಾತ್ರೆ ನಿಲ್ಲಿಸಿದೊಡನೆ ಕರಗುವುದಿಲ್ಲ. ಅದನ್ನು ಕರಗಿಸುವ ಹನಿಯಾಗಲಿ ಲೇಹ್ಯವಾಗಲಿ ಸೊಪ್ಪಿನ ರಸವಾಗಲಿ ಇಲ್ಲ. ಶಸ್ತ್ರಚಿಕಿತ್ಸೆಯೊಂದೇ ಮಾರ್ಗ. ಹಿರಿಯರಿಗೆ ಡಾ. ಎಂ. ಸಿ. ಮೋದಿಯವರ ಕಣ್ಣಿನ ಶಿಬಿರಗಳು ನೆನಪಿರಬಹುದು. 1916ರಲ್ಲಿ ಹುಟ್ಟಿ 2005ರಲ್ಲಿ ಅಗಲಿದ ಆ ಮಹನೀಯರು ಊರೂರಿಗೆ ಹೋಗಿ ಅಸಂಖ್ಯಾತ ಬಡವರ ಪೊರೆಯನ್ನು ತೆಗೆದರು. ಅಂದು ಪೊರೆ ತೆಗೆಸಿಕೊಂಡವರು ದಪ್ಪ ಗಾಜಿನ ಕನ್ನಡಕವನ್ನು ಧರಿಸಬೇಕಾಗಿತ್ತು. ಪೊರೆ ‘ಹಣ್ಣಾಗಲಿ’ ಎಂದು ಕಾಯುವುದೂ ಇತ್ತು. ಈಗ ಕೆಟ್ಟ ಮಸೂರವನ್ನು ತೆಗೆದು ಆ ಜಾಗದಲ್ಲಿಯೇ ಕೃತಕ ಮಸೂರವನ್ನು ಕೂರಿಸುತ್ತಾರೆ. ಹಣ್ಣಾಗುವವರೆಗೆ ಕಾಯಬೇಕಾಗಿಲ್ಲ, ದಿನದ ಕೆಲಸಕ್ಕೆ ತೊಂದರೆಯಾಗುತ್ತಿದ್ದರೆ ಸಾಕು. ಕಣ್ಣನ್ನು ಮರಗಟ್ಟಿಸಿ ಮಾಡುವುದರಿಂದ ನೋವಿಲ್ಲ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಅಡಿಯಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ.

ಸ್ಟೀರಾಯ್ಡ್‌ನಿಂದ ಕಣ್ಣಿಗೆ ಬರುವ ಇನ್ನೊಂದು ಕೇಡು ಗ್ಲಾಕೋಮಾ, ಎಂದರೆ ಕಣ್ಣಿನೊಳಗಿನ ಒತ್ತಡ ಏರಿ ನರ ಹಾಳಾಗುವುದು. ಬಹುಮಟ್ಟಿಗೆ ಇದರಲ್ಲಿ ನೋವಿರುವುದಿಲ್ಲ. ಪೊರೆಯಿಂದ ಹೋದ ನೋಟ ಮರಳಿ ಬರುತ್ತದೆ. ಗ್ಲಾಕೋಮಾದಿಂದ ಹೋದ ನೋಟ ಮರಳದು. ವಿಶೇಷವಾಗಿ ತಾಯಂದಿರು ಗಮನಿಸಬೇಕು. ಬೇಸಿಗೆಯಲ್ಲಿ ಮಕ್ಕಳ ಕಣ್ಣು ಕೆಂಪಾಗಿ ತುರಿಸಿದಾಗ ಹಿಂದಿನ ವರ್ಷದ ಕಣ್ಣಿನ ಹನಿಯನ್ನೇ ಮತ್ತೆ ತಂದು ಹಾಕುವ ಅಭ್ಯಾಸವಿದೆ. ಅವುಗಳಲ್ಲಿ ಹಲವು ಸ್ಟೀರಾಯ್ಡ್ ಇರುವ ಹನಿಗಳು. ವೈದ್ಯರು ಹೇಳಿದ ದಿನಗಳನ್ನು ಮೀರಿ ಅವನ್ನು ಹಾಕಬಾರದು.

ದಂಪತಿಗಳು ನೆನಪಿನಲ್ಲಿಡಬೇಕಾದುವು

1. ಹಳೆಯ ಚೀಟಿಯನ್ನು ತೋರಿಸಿ ಮಾತ್ರೆಯನ್ನಾಗಲಿ ಕಣ್ಣಿನ ಹನಿಯನ್ನಾಗಲಿ ಮತ್ತೆ ಮತ್ತೆ ಕೊಳ್ಳಬೇಡಿ.

2. ಸಂತೆ ಜಾತ್ರೆಗಳಲ್ಲಿ ದಮ್ಮಿಗೆ, ಕೀಲುನೋವಿಗೆಂದು ಮಾರುವ ಹೆಸರಿಲ್ಲದ ಪುಡಿ, ಗುಳಿಗೆಗಳನ್ನು ಸೇವಿಸಬೇಡಿ. ಇಂತಹವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಅನೇಕ ಕಡೆ ಪತ್ತೆಯಾಗಿದೆ.

3. ಬಹುಕಾಲದಿಂದ ಸೇವಿಸುತ್ತಿರುವವರು ತಾವಾಗಿಯೇ ನಿಲ್ಲಿಸಬೇಡಿ. ವರ್ಷಕ್ಕೊಮ್ಮೆಯಾದರೂ ಕಣ್ಣಿನ ಪೊರೆ, ಒತ್ತಡ ಎರಡನ್ನೂ ಪರೀಕ್ಷೆ ಮಾಡಿಸಿಕೊಳ್ಳಿ. ರಕ್ತದಲ್ಲಿ ಸಕ್ಕರೆಯನ್ನೂ ನೋಡಿಸಿ.

4. ಗರ್ಭಿಣಿಯಾದಾಗ ಉಬ್ಬಸದ ಔಷಧಿಯನ್ನು ಹೆದರಿ ಬಿಡಬೇಡಿ. ಏನು ಸೇವಿಸುತ್ತಿದ್ದೀರೆಂಬುದನ್ನು ವೈದ್ಯರಿಗೆ, ಆಶಾ ಕಾರ್ಯಕರ್ತೆಗೆ ಮೊದಲೇ ತಿಳಿಸಿ.

5. ಪತಿ ಪತ್ನಿಯರು ಒಬ್ಬರೊಬ್ಬರ ಮಾತ್ರೆಯ ಹೆಸರನ್ನೂ ದಿನಗಳ ಲೆಕ್ಕವನ್ನೂ ತಿಳಿದಿರಿ. ಆಸ್ಪತ್ರೆಗೆ ಬರುವಾಗ ಇಬ್ಬರೂ ಬನ್ನಿ.

ಆ ತಾಯಿಗೆ ಮೊದಲು ಒಂದು ಕಣ್ಣಿಗೆ, ಕೆಲವು ವಾರಗಳ ಬಳಿಕ ಇನ್ನೊಂದಕ್ಕೆ ಶಸ್ತ್ರಚಿಕಿತ್ಸೆಯಾಯಿತು. ಆಮೇಲೆ ಹಾಕಲು ಕೊಟ್ಟ ಕಣ್ಣಿನ ಹನಿಯಲ್ಲಿಯೂ ಸ್ಟೀರಾಯ್ಡ್ ಇತ್ತು. ಪತಿ ಗಾಬರಿಯಿಂದ ಅದನ್ನು ತಂದು ನನಗೆ ತೋರಿಸಿದರು. “ಹೆದರಬೇಡಿ. ಇದಕ್ಕೆ ದಿನಗಳ ಲೆಕ್ಕವಿದೆ, ಆ ಲೆಕ್ಕವನ್ನು ನೀವು ಕಾಯಿರಿ” ಎಂದೆ. ಅವರು ಕ್ಯಾಲೆಂಡರಿನಲ್ಲಿ ದಿನ ದಿನವೂ ಗುರುತು ಹಾಕಿ, ಹೇಳಿದ ದಿನ ನಿಲ್ಲಿಸಿದರು. ಈಗ ಆಕೆ ನಡುಹಗಲಿನಲ್ಲಿಯೇ ಜಗಲಿಯ ಮೇಲೆ ಕುಳಿತು ಹೂ ಕಟ್ಟುತ್ತಾರೆ. ಪಕ್ಕದಲ್ಲಿ ಕುಳಿತು ಹೂ ಆರಿಸಿಕೊಡುವವರು ಅವರ ಅತ್ತೆ.