ಗದಗಿನ ಗಾಳಿ, ಸೂಪಾದ ನೀರು

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ನಾನು ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿರುವವನು. ಊರಿಗೆ ಬಂದಾಗ ಹಿರಿಯರು ಕೇಳುವ ಪ್ರಶ್ನೆಯೊಂದಿದೆ: "ಈಗೆಲ್ಲ ಗಾಳಿಯಿಂದ, ಬಿಸಿಲಿನಿಂದ ಕರೆಂಟು ಬರ್ತದಂತಲ್ಲ ತಮ್ಮಾ, ಇನ್ನು ನಮ್ಮ ನಾಗಝರಿಗೆ ಏನು ಕೆಲಸ?" ಇವತ್ತಿನ ನನ್ನ ಮಾತು ಆ ಪ್ರಶ್ನೆಗೆ ಉತ್ತರ.

ಮೊದಲು ಒಂದು ವಿಷಯ ತಿಳಿದಿರಬೇಕು. ಗ್ರಿಡ್‌ನ ತಂತಿಯಲ್ಲಿ ವಿದ್ಯುತ್ತನ್ನು ಕೂಡಿಡಲು ಬರುವುದಿಲ್ಲ. ಈ ಕ್ಷಣ ಎಷ್ಟು ಬಳಕೆಯೋ ಈ ಕ್ಷಣವೇ ಅಷ್ಟು ಉತ್ಪಾದನೆ ಆಗಬೇಕು. ಹಳಿಯಾಳ ಕಡೆಯ ಕಬ್ಬಿನ ಗಾಣ ನೋಡಿದ್ದೀರಿ. ಒಮ್ಮೆಲೇ ಹೆಚ್ಚು ಕಬ್ಬು ಕೊಟ್ಟರೆ ಗಾಣ ನಿಧಾನವಾಗುತ್ತದೆ, ತೆಗೆದರೆ ಓಡುತ್ತದೆ. ಗ್ರಿಡ್ಡೂ ಹಾಗೆಯೇ. ಅದರ ಓಟದ ಅಳತೆಗೆ ಫ್ರೀಕ್ವೆನ್ಸಿ ಎನ್ನುತ್ತಾರೆ. ನಮ್ಮ ದೇಶದಲ್ಲಿ ಅದು 50 ಹರ್ಟ್ಸ್‌ನ ಆಸುಪಾಸಿನಲ್ಲೇ ಇರಬೇಕು. ಇದಕ್ಕಾಗಿ ಬೆಂಗಳೂರಿನ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರದಲ್ಲಿ ಹಗಲು ರಾತ್ರಿ ಜನ ಕಾಯುತ್ತಾರೆ. ದಿನವನ್ನು 15 ನಿಮಿಷಗಳ 96 ಭಾಗ ಮಾಡಿ, ಪ್ರತಿ ಭಾಗಕ್ಕೂ ಯಾವ ಕೇಂದ್ರದಿಂದ ಎಷ್ಟು ವಿದ್ಯುತ್ ಎಂಬ ಲೆಕ್ಕ ಹಾಕುತ್ತಾರೆ.

ಈ ಲೆಕ್ಕಕ್ಕೆ ತೊಡಕು ತರುವುದು ಗಾಳಿ. ನಮ್ಮ ರಾಜ್ಯದಲ್ಲಿ ಗದಗ, ಚಿತ್ರದುರ್ಗ, ಬೆಳಗಾವಿ, ವಿಜಯಪುರದ ಕಡೆ ನಿಂತಿರುವ ಗಾಳಿಯಂತ್ರಗಳ ಒಟ್ಟು ಸಾಮರ್ಥ್ಯ 5000 ಮೆಗಾವ್ಯಾಟ್ ದಾಟಿದೆ. ನಾಗಝರಿಯ ಆರು ಯಂತ್ರಗಳದ್ದು ಸುಮಾರು 900. ಆದರೆ ಗಾಳಿಯ ವೇಗ ಅರ್ಧಕ್ಕೆ ಇಳಿದರೆ ಅದರಲ್ಲಿರುವ ಶಕ್ತಿ ಅರ್ಧವಾಗುವುದಿಲ್ಲ, ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಸಂಜೆ ಮನೆಮನೆಯಲ್ಲಿ ದೀಪ ಹತ್ತುವ ಹೊತ್ತಿಗೇ ಗಾಳಿ ಬಿದ್ದರೆ ಆ ಕೊರತೆಯನ್ನು ಕೂಡಲೇ ಯಾರಾದರೂ ತುಂಬಬೇಕು.

ಯಾರು ತುಂಬುತ್ತಾರೆ? ರಾಯಚೂರಿನ ಕಲ್ಲಿದ್ದಲು ಘಟಕ ಒಮ್ಮೆ ತಣ್ಣಗಾದರೆ ಮತ್ತೆ ಪೂರ್ಣ ಶಕ್ತಿಗೆ ಬರಲು ಗಂಟೆಗಟ್ಟಲೆ ಬೇಕು. ನಮ್ಮ ಪಕ್ಕದ ಕೈಗಾದ ಅಣು ಘಟಕಗಳು ಒಂದೇ ಸಮನೆ ನಡೆಯುವಂಥವು. ನೀರಿನ ಯಂತ್ರ ಮಾತ್ರ ಕೆಲವೇ ನಿಮಿಷಗಳಲ್ಲಿ ಏರುತ್ತದೆ, ಅಷ್ಟೇ ಬೇಗ ಇಳಿಯುತ್ತದೆ. ಹಾಗಾಗಿ ನಾಗಝರಿ, ಶರಾವತಿಯಂಥ ಕೇಂದ್ರಗಳೇ ಗಾಳಿಗೆ ಜೊತೆಗಾರರು.

ಇದರಲ್ಲಿ ನಿಸರ್ಗದ ಒಂದು ಅನುಕೂಲವೂ ಇದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಸುರಿಸುವ ಮುಂಗಾರು ಮಾರುತವೇ ಘಟ್ಟ ದಾಟಿ, ಬಯಲುಸೀಮೆಗೆ ಹೋಗಿ, ಗದಗಿನ ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರ ತಿರುಗಿಸುತ್ತದೆ. ಆ ತಿಂಗಳುಗಳಲ್ಲಿ ಗಾಳಿಯ ವಿದ್ಯುತ್ ಬಳಸಿ ನಾಗಝರಿಯನ್ನು ತಗ್ಗಿಸಿದರೆ ಸೂಪಾದಲ್ಲಿ ನೀರು ಉಳಿಯುತ್ತದೆ. ಸುಮಾರು 145 ಟಿಎಂಸಿ ಹಿಡಿಯುವ ಆ ಜಲಾಶಯದಲ್ಲಿ ಉಳಿದ ನೀರು ಮಾರ್ಚ್, ಏಪ್ರಿಲ್‌ನಲ್ಲಿ, ಪಂಪ್‌ಸೆಟ್ಟುಗಳಿಗೂ ಪರೀಕ್ಷೆಗೆ ಓದುವ ಮಕ್ಕಳಿಗೂ ಕರೆಂಟು ಬೇಕಾದಾಗ, ವಿದ್ಯುತ್ತಾಗುತ್ತದೆ. ಮಳೆಗಾಲದ ಗಾಳಿಯನ್ನು ಬೇಸಿಗೆಗೆ ಎತ್ತಿಟ್ಟಂತೆಯೇ ಸರಿ.

ಎಲ್ಲ ಅಣೆಕಟ್ಟಿಗೂ ಇದು ಸಾಧ್ಯವಿಲ್ಲ. ಕೆಳಗಿನ ಕೊಡಸಳ್ಳಿ, ಕದ್ರಾ ಚಿಕ್ಕವು. ಜೋರು ಮಳೆಯಲ್ಲಿ ಅವು ಬೇಗ ತುಂಬುತ್ತವೆ. ಆಗ ಯಂತ್ರ ನಿಲ್ಲಿಸಿದರೆ ನೀರು ಗೇಟಿನಿಂದ ಸುಮ್ಮನೆ ಹರಿದುಹೋಗುತ್ತದೆ. ಆದ್ದರಿಂದ ನಾಳೆ ಗಾಳಿ ಎಷ್ಟು, ಮಳೆ ಎಷ್ಟು ಎಂದು ಮುಂದಾಗಿ ಅಂದಾಜಿಸುವುದು ಈಗ ದೊಡ್ಡ ಕೆಲಸ. ಹವಾಮಾನ, ಗಣಿತ, ಕಂಪ್ಯೂಟರ್ ಮೂರೂ ಬೇಕಾದ ಕೆಲಸವಿದು. ಹತ್ತನೇ ತರಗತಿಯ ಮಕ್ಕಳೇ, ಗಣಿತ ಯಾಕೆ ಕಲಿಯಬೇಕು ಎಂದು ಕೇಳುತ್ತೀರಲ್ಲ, ಇದೂ ಒಂದು ಕಾರಣ.

ಇನ್ನೊಂದು ಮಾತು ಹೇಳದಿದ್ದರೆ ತಪ್ಪಾದೀತು. ಸೂಪಾ ಎಂಬುದು ಬರೀ ಅಣೆಕಟ್ಟಿನ ಹೆಸರಲ್ಲ, ಅದು ಮುಳುಗಿದ ಊರು. ಒಂದು ಕಾಲದ ತಾಲ್ಲೂಕು ಕೇಂದ್ರ. ಗದ್ದೆ, ಮನೆ, ದೇವಸ್ಥಾನ ಬಿಟ್ಟು ರಾಮನಗರಕ್ಕೂ ಬೇರೆ ಕಡೆಗೂ ಹೋದ ಕುಟುಂಬದವರು ಈ ಸಭೆಯಲ್ಲೂ ಇರಬಹುದು. ಗಾಳಿ ವಿದ್ಯುತ್ತಿನ ಲೆಕ್ಕ ಬರೆಯುವಾಗ ಗಾಳಿಯಂತ್ರದ ಖರ್ಚನ್ನು ಎಲ್ಲರೂ ಬರೆಯುತ್ತಾರೆ. ಅದನ್ನು ಹಿಂದೆ ನಿಂತು ಹಿಡಿಯುವ ನೀರಿಗೆ ಯಾರು ಏನು ತೆತ್ತರು ಎಂಬುದನ್ನು ಬರೆಯುವುದಿಲ್ಲ. ಹೊಸ ಜಲಾಶಯ, ಹೊಸ ಯೋಜನೆ ಎಂಬ ಮಾತು ಬಂದಾಗಲೆಲ್ಲ ಆ ಲೆಕ್ಕವನ್ನು ಕೇಳುವ ಹಕ್ಕು ನಮ್ಮ ಭಾಗದವರಿಗೆ ಇದೆ. ಇರುವ ನೀರನ್ನು ಒಂದು ಹನಿಯೂ ವ್ಯರ್ಥವಾಗದಂತೆ ಬಳಸಿ ಎಂದು ಒತ್ತಾಯಿಸುವ ಹಕ್ಕೂ ಇದೆ.

ಹಾಗಾಗಿ ಹಿರಿಯರೇ, ನಾಗಝರಿಯ ಕೆಲಸ ಮುಗಿದಿಲ್ಲ, ಬದಲಾಗಿದೆ. ಮೊದಲು ಅದು ರಾಜ್ಯಕ್ಕೆ ಬೆಳಕು ಕೊಡುತ್ತಿತ್ತು. ಈಗ ಬೇರೆಯವರು ಕೊಡುವ ಬೆಳಕು ಆರದಂತೆಯೂ ನೋಡಿಕೊಳ್ಳುತ್ತಿದೆ. ಆ ಕೆಲಸ ಮಾಡುವ ನೌಕರರಿಗೂ, ಅದಕ್ಕೆ ಊರು ಕೊಟ್ಟವರಿಗೂ ವಂದಿಸುತ್ತೇನೆ.